ಸಾಹೇಬರ ಮೇವಿನ ಚೀಟಿ

ಹೋರಿಗೆ ಹಾಕುವ ಜೋಳವನ್ನು ದಸ್ತಗೀರ ಸಾಹೇಬರು ಮೊದಲು ತಾವೇ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಅಗಿಯುತ್ತಿದ್ದರು. ಸ್ಯಾನ್ ರಮೋನಿನ ನಮ್ಮ ಮನೆಯ ಹಿಂದಿನ ಗುಡ್ಡಕ್ಕೆ ನಾನು ದಿನವೂ ಆರು ಗಂಟೆಗೆ ನಡೆಯಲು ಹೋಗುತ್ತೇನೆ. ಬೇಲಿಯಾಚೆ ಅವರು ಹೋರಿಯನ್ನು ಕನ್ನಡದಲ್ಲಿ ಬೈಯುತ್ತಿದ್ದುದರಿಂದ ಪರಿಚಯವಾಯಿತು.

"ಮನೇಲಿ ತಿಂಡಿ ಕೊಟ್ಟಿಲ್ವಾ ಸಾಹೇಬ್ರೆ?" ಎಂದು ಒಂದು ದಿನ ಕೇಳಿದೆ.

"ಬೂಸ್ಟ ಹಿಡದ ಕಾಳು ನಾಲಿಗಿಗೆ ಗೊತ್ತಾಗ್ತದ್ರಿ ಅಕ್ಕಾರ. ನಾ ನುಂಗಲಾರದ್ದು ಅದಕ್ಯಾಕ ಹಾಕ್ಲಿ?"

ವಿಜಯಪುರದವರು. ದೊಡ್ಡ ಫಾರ್ಮುಗಳಲ್ಲಿ ಮಾಂಸದ ದನಗಳಿಗೆ ಮೇವಿನ ಪ್ರಮಾಣ ಗೊತ್ತುಮಾಡುವ ಕೆಲಸದಿಂದ ನಿವೃತ್ತರಾಗಿ, ಗುಡ್ಡದ ಒಂದು ತುಂಡನ್ನು ಗುತ್ತಿಗೆ ಹಿಡಿದಿದ್ದರು. ಸಾಕಿದ್ದು ಒಂದೇ ಹೋರಿ. ಕಪ್ಪು ಮೈ, ಬಿಳಿ ಮುಖದ ಮಿಶ್ರತಳಿ. ಈ ದೇಶಕ್ಕೆ ಬಂದ ಮೇಲೆ ಪ್ರತಿ ಬಕ್ರೀದಿಗೂ ಯಾರೋ ಸಾಕಿದ ದನದಲ್ಲಿ ಪಾಲು ಹಾಕಿಕೊಂಡವರು. "ಒಂದ್ ಸಲನರ ನನ್ನ ಕೈಲೆ ಬೆಳಸಿದ್ದು ಕುರ್ಬಾನಿ ಕೊಡಬೇಕ್ರಿ. ಮಮತಾ ಇಲ್ಲದ್ದು ಕೊಟ್ರ ಏನ್ ಕೊಟ್ಟಂಗಾತು?"

ಬೇಸಿಗೆಯಲ್ಲಿ ಹುಲ್ಲೊಣಗಿ ಹೊಂಬಣ್ಣಕ್ಕೆ ತಿರುಗಿದ ಗುಡ್ಡದ ಫೋಟೋ ತೆಗೆಯುವವರನ್ನು ಕಂಡು ನಗುತ್ತಿದ್ದರು. "ಬಂಗಾರ ಅಲ್ರಿ ಅದು, ಬರೇ ನಾರು. ಅದರಾಗ ಪ್ರೋಟೀನ್ ಎಲ್ಲದ?" ಒಣಹುಲ್ಲು ಹೊಟ್ಟೆ ತುಂಬಿಸುತ್ತದೆ, ಕಾಳು ಮೈ ತುಂಬಿಸುತ್ತದೆ, ಆದರೆ ಕಾಳನ್ನು ಅವಸರದಿಂದ ಏರಿಸಿದರೆ ಹೊಟ್ಟೆಯಲ್ಲಿ ಹುಳಿಯೆದ್ದು ದನ ಉಳಿಯುವುದಿಲ್ಲ ಎಂದು ನನಗೆ ಕಲಿಸಿದವರು ಅವರೇ.

ಹಬ್ಬಕ್ಕೆ ಒಂದೂವರೆ ತಿಂಗಳಿರುವಾಗ ಅವರು ಆಸ್ಪತ್ರೆ ಸೇರಿದರು. ಹೋಗುವ ಮುನ್ನ ನನ್ನ ಕೈಗೆ ಚೀಟಿ ಕೊಟ್ಟರು: ಯಾವ ದಿನ ಎಷ್ಟು ಹುಲ್ಲು, ಎಷ್ಟು ಜೋಳ, ಮೂರು ದಿನಕ್ಕೊಮ್ಮೆ ಎಷ್ಟು ಏರಿಸಬೇಕು. "ಚೀಟಿ ನನ್ನ ಮಾತು, ಸಗಣಿ ಅದರ ಮಾತು. ಅದರ ಮಾತು ಮೊದಲ ಕೇಳ್ರಿ," ಎಂದರು.

ಮೂವತ್ತು ವರ್ಷ ನರ್ಸಾಗಿ ವಾರ್ಡಿನಲ್ಲಿ ಚಾರ್ಟು ನೋಡಿ ಮದ್ದು ಕೊಟ್ಟವಳು ನಾನು. ಬರೆದದ್ದನ್ನು ಬರೆದ ಹೊತ್ತಿಗೆ ಕೊಡುವುದೇ ನನಗೆ ಗೊತ್ತಿದ್ದ ಸೇವೆ. ಒಂಬತ್ತನೆಯ ದಿನ ಹೋರಿ ಅರ್ಧ ಕಾಳು ಬಿಟ್ಟಿತ್ತು, ಸಗಣಿ ನೀರಾಗಿತ್ತು. ಎರಡನ್ನೂ ನೋಡಿದೆ. ಚೀಟಿಯಲ್ಲಿ ಅಂದು ಏರಿಸಬೇಕೆಂದಿತ್ತು, ಏರಿಸಿದೆ. ಮರುದಿನ ಆರು ಗಂಟೆಗೆ ಹೋದಾಗ ಎಡಹೊಟ್ಟೆ ಉಬ್ಬಿಸಿಕೊಂಡು ಮಲಗಿತ್ತು. ಪಶುವೈದ್ಯರು ಬರುವಷ್ಟರಲ್ಲಿ ಸತ್ತಿತ್ತು.

ನಿಜ ಹೇಳಬೇಕೆಂದೇ ಆಸ್ಪತ್ರೆಗೆ ಹೋದೆ. ಸಾಹೇಬರ ತೋಳು ಕಡ್ಡಿಯಾಗಿತ್ತು.

"ಹೆಂಗದ್ರಿ ಹೋರಿ? ಮೈ ಹಿಡದದ?"

"ಹಿಡಿದಿದೆ," ಎಂದೆ. "ಪಕ್ಕೆಲುಬು ಕಾಣಲ್ಲ ಈಗ."

ಕಣ್ಣು ಮುಚ್ಚಿ ನಕ್ಕರು. ಕಾಗದ ಕೇಳಿದರು. ಹಬ್ಬದವರೆಗಿನ ಮೇವನ್ನು ದಿನ ದಿನಕ್ಕೂ ಬರೆದರು. ನಡುವೆ ಎರಡು ಸಲ ಕೈ ಸೋತಿತು. ನಾನು ಕಾಗದ ಜಾರದಂತೆ ಹಿಡಿದುಕೊಂಡಿದ್ದೆ. "ಕಡೀ ವಾರ ಕಾಳು ಏರಸಬ್ಯಾಡ್ರಿ, ಆರಾಮ ತಿಂದಕೊಂಡಿರ್ಲಿ," ಎಂದು ಕೊಟ್ಟರು.

ಮೂರನೆಯ ದಿನ ತೀರಿಕೊಂಡರು. ಹೋರಿಯ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ.