ಅಪ್ಪ ನೀರಿಗೆ ಬಿಟ್ಟ ಮೀನು

ಅಪ್ಪ ಇಷ್ಟು ವರ್ಷದಿಂದ ಮೀನು ಹಿಡಿಯುತ್ತಿದ್ದರೂ ಒಂದನ್ನೂ ಕೊಂದಿಲ್ಲ ಎನ್ನುವುದು ಅಮೆರಿಕದ ವಿಕ್ಸಮ್‌ನ ನಮ್ಮ ಬಳಗ ಒಪ್ಪಿಕೊಂಡಿರುವ ಕಥೆ. ನಾನು ಒಪ್ಪುವುದಿಲ್ಲ. ಮನೆಗೆ ಕೋಳಿಮೊಟ್ಟೆಯನ್ನೂ ತರದ ಅಪ್ಪ, ಆಫೀಸಿನವರ ಜೊತೆ ಸೇರಿ ಗಾಳ ಹಾಕಲು ಕಲಿತರು. ಸಿಕ್ಕಿದ್ದನ್ನು ಎತ್ತಿ ಹಿಡಿದು, ಫೋಟೋ ತೆಗೆಸಿಕೊಂಡು, ಮತ್ತೆ ನೀರಿಗೆ ಬಿಡುತ್ತಾರೆ. "ನಮ್ದು ಪ್ಯೂರ್ ವೆಜ್ ಫಿಶಿಂಗ್" ಎಂದು ಎಲ್ಲರೂ ಅಡುಗೆ ತಂದು ಸೇರುವ ಪಾಟ್‌ಲಕ್‌ಗಳಲ್ಲಿ ನಗಿಸುತ್ತಾರೆ.

ಹೋದ ಸೆಪ್ಟೆಂಬರ್‌ನಲ್ಲಿ ಸಾಲ್ಮನ್ ಮೀನುಗಳು ಮೊಟ್ಟೆಯಿಡಲು ಲೇಕ್ ಮಿಶಿಗನ್‌ನಿಂದ ನದಿಗೆ ಏರಿ ಬರುತ್ತಿದ್ದವು. ಅಪ್ಪ, ಶಿಕಾಗೋ ಬಳಿಯ ನೇಪರ್‌ವಿಲ್‌ನಿಂದ ಬಂದಿದ್ದ ಅವರ ಗೆಳೆಯ ಅಂಕಲ್, ನಾನು, ಮೂವರೂ ಹೋದೆವು. ಬಿಸಿಲು ಜುಲೈ ತಿಂಗಳಿನಂತಿತ್ತು. ಹೆಪ್ಪು ಹಾಕುವ ಮೊದಲು ಅಮ್ಮ ಹಾಲಿನ ಬಿಸಿ ನೋಡುವ ಥರ್ಮಾಮೀಟರನ್ನು ನಾನು ತಂದಿದ್ದೆ. ನದಿಗೆ ಅದ್ದಿದೆ. ಎಪ್ಪತ್ತೆರಡು ಡಿಗ್ರಿ ಫ್ಯಾರನ್‌ಹೀಟ್.

"ಅಪ್ಪ, ಇವತ್ತು ಬೇಡ. ನೀರು ಬೆಚ್ಚಗಾದ್ರೆ ಅದರಲ್ಲಿ ಆಕ್ಸಿಜನ್ ಕಡಿಮೆಯಾಗತ್ತೆ. ಗಾಳದಲ್ಲಿ ಒದ್ದಾಡಿ ಸುಸ್ತಾದ ಮೀನು ಚೇತರಿಸ್ಕೊಳಲ್ಲ. ಈಜ್ಕೊಂಡು ಹೋಗತ್ತೆ, ಆಮೇಲೆ ಸಾಯತ್ತೆ."

"ಎಪ್ಪತ್ತೆರಡು ನಮ್ಮನೆ ಎ.ಸಿ. ಸೆಟ್ಟಿಂಗ್ ಕಣೆ."

"ನೀನು ಮೀನಲ್ಲ."

"ಇವಳನ್ನ ಡಿಬೇಟ್ ಕ್ಲಾಸಿಗೆ ಸೇರಿಸ್ದೋನು ನೀನೇ ತಾನೆ, ಅನುಭವಿಸು," ಎಂದು ಅಂಕಲ್ ಅಪ್ಪನಿಗೆ ಹೇಳಿ ನನ್ನತ್ತ ತಿರುಗಿದರು. "ಮೊಟ್ಟೆಯಿಟ್ಟ ಮೇಲೆ ಸಾಲ್ಮನ್ ಹೇಗೂ ಸಾಯತ್ತಲ್ಲಮ್ಮ?"

"ಇಟ್ಟ ಮೇಲೆ, ಅಂಕಲ್. ಇವು ಇನ್ನೂ ಇಟ್ಟಿಲ್ಲ."

ಆದರೂ ಇಬ್ಬರೂ ಗಾಳ ಎಸೆದರು. ಡಿಬೇಟ್‌ನಲ್ಲಾದರೆ ತೀರ್ಪು ಕೊಡುವವರು ಇರುತ್ತಾರೆ.

ಸಿಕ್ಕಿದ್ದು ಹೊಟ್ಟೆ ತುಂಬಿದ ದೊಡ್ಡ ಹೆಣ್ಣು ಮೀನು. ಬಾಲದ ಒಂದು ಮೂಲೆ ಹರಿದಿತ್ತು. ಅಪ್ಪ ಅದನ್ನು ಎತ್ತಿ ಹಿಡಿದರು. "ಕಣ್ಣು ಮುಚ್ಚಿದೀಯ, ಇನ್ನೊಂದು," ಎಂದರು ಫೋಟೋ ತೆಗೆಯುತ್ತಿದ್ದ ಅಂಕಲ್. ಮತ್ತೆ ಇನ್ನೊಂದು. ಮೀನು ಬಾಯಿ ತೆರೆದು ಮುಚ್ಚುತ್ತಲೇ ಇತ್ತು. ಕೊನೆಗೆ ಅಪ್ಪ ಬಗ್ಗಿ, "ಹೋಗಮ್ಮ, ಸುಖವಾಗಿರು," ಎಂದು ನೀರಿಗೆ ಬಿಟ್ಟರು. ಅದು ನಿಧಾನವಾಗಿ ಸರಿದುಹೋಯಿತು.

"ನೋಡಿದ್ಯಾ?" ಎಂದರು, ಗೆದ್ದವರ ಹಾಗೆ.

ಪುಳಿಯೋಗರೆ ತಿಂದಾದ ಮೇಲೆ ನಾನು ಹೊಳೆ ಹರಿಯುವ ದಿಕ್ಕಿನಲ್ಲಿ ದಂಡೆಗುಂಟ ನಡೆದೆ. ತಿರುವಿನಾಚೆ, ಬಿದ್ದ ಮರಕ್ಕೆ ಒತ್ತಿಕೊಂಡು ಅದು ಮಗ್ಗುಲಾಗಿ ಬಿದ್ದಿತ್ತು. ಕಿವಿರು ಆಡುತ್ತಿರಲಿಲ್ಲ. ಹೊಟ್ಟೆ ಹಾಗೆಯೇ ತುಂಬಿತ್ತು. ಅಪ್ಪನನ್ನು ಕರೆದೆ.

"ಬೇರೆ ಮೀನಿರ್ಬೇಕು," ಎಂದರು.

ಅಂಕಲ್ ಕಳಿಸಿದ್ದ ಫೋಟೋವನ್ನು ಅದರ ಪಕ್ಕದಲ್ಲೇ ಹಿಡಿದು ಬಾಲ ತೋರಿಸಿದೆ. ಅಪ್ಪ ಎರಡನ್ನೂ ನೋಡಿದರು. ಹೋಗಿ ಗಾಳಗಳನ್ನು ಮಡಚಿಟ್ಟರು. ಸೋತೆ ಎಂದು ಒಪ್ಪಿದ್ದಾರೆ ಎಂದುಕೊಂಡೆ.

ಮುಂದಿನ ಪಾಟ್‌ಲಕ್‌ನಲ್ಲಿ ಅದೇ ಫೋಟೋ ಕೈಯಿಂದ ಕೈಗೆ ಹೋಯಿತು, ಅದೇ ಕಥೆಯ ಜೊತೆಗೆ. ಈ ಶನಿವಾರ ಅಪ್ಪ ನಮ್ಮ ಬಡಾವಣೆಯ ಮಕ್ಕಳನ್ನೂ ಕರೆದುಕೊಂಡು ಅದೇ ನದಿಗೆ ಹೊರಟಿದ್ದಾರೆ, ಮೀನು ಹಿಡಿದು ಬಿಡುವುದು ಹೇಗೆಂದು ಕಲಿಸಲು. ವಾರವಿಡೀ ತೊಂಬತ್ತರ ಬಿಸಿಲು. ಥರ್ಮಾಮೀಟರನ್ನು ಅವರ ಗಾಳದ ಪೆಟ್ಟಿಗೆಯ ಮೇಲೆ ಇಟ್ಟೆ. ಅದು ವಾಪಸ್ಸು ಅಡುಗೆಮನೆ ಸೇರಿದೆ.

ಅಪ್ಪ, ಇಷ್ಟು ವರ್ಷ ನೀನು ಬಿಟ್ಟ ಮೀನುಗಳಲ್ಲಿ ಒಂದರ ಹಿಂದೆಯಾದರೂ ಆ ತಿರುವಿನ ತನಕ ನಡೆದು ಹೋಗಿ ನೋಡಿದೀಯಾ?