ಇನ್‌ಸ್ಪೆಕ್ಟರನ ತಾಯಿ

ಈಸ್ಟ್ ಬ್ರನ್ಸ್‌ವಿಕ್‌ನ ಪಂಚಾಕ್ಷರಿಯವರು ಸಿನಿಮಾ ನೋಡುವ ಕ್ರಮವೇ ಬೇರೆ. ಊಟ ಮುಗಿಸಿ, ಸೋಫಾದ ಮೂಲೆ ಹಿಡಿದು, ರಿಮೋಟ್ ಕೈಗೆತ್ತಿಕೊಂಡು, "ಶೈಲಾ, ಬಾ, ಚಾಲೂ ಆತು" ಎಂದು ಹೆಂಡತಿಯನ್ನು ಕೂಗುತ್ತಾರೆ. ಆಕೆ ಕೈ ಒರೆಸಿಕೊಂಡು ಬಂದು ಕೂರುವಷ್ಟರಲ್ಲಿ ಪರದೆಯ ಮೇಲೆ ನಿರ್ಮಾಪಕರ ಹೆಸರು ಬಂದಿರುತ್ತದೆ, ಪಂಚಾಕ್ಷರಿಯವರ ಗದ್ದ ಎದೆಗೆ ತಾಗಿರುತ್ತದೆ. ನಿರ್ದೇಶಕರ ಹೆಸರು ಬರುವ ಹೊತ್ತಿಗೆ ಗೊರಕೆ. ಇಷ್ಟಾದರೂ ಸುತ್ತಲಿನ ಅನಿವಾಸಿ ಕನ್ನಡಿಗರಲ್ಲಿ ಅವರಿಗೆ ದೊಡ್ಡ ಚಿತ್ರವಿಮರ್ಶಕರೆಂಬ ಹೆಸರಿದೆ. ಇದು ಹೇಗೆ ಸಾಧ್ಯವಾಯಿತು ಎಂಬುದು ಗೊತ್ತಿದ್ದದ್ದು ಒಬ್ಬರಿಗೇ, ಅವರ ಹೆಂಡತಿ ಶೈಲಮ್ಮನಿಗೆ.

ಶೈಲಮ್ಮ ಔಷಧ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆ. ಒಂದು ಮಾತ್ರೆ ನೀರಿನಲ್ಲಿ ಎಷ್ಟು ಹೊತ್ತಿಗೆ ಕರಗುತ್ತದೆ ಎಂದು ನೋಡುತ್ತಾ ನಿಲ್ಲುವುದು ಆಕೆಯ ದಿನದ ಬಹುಭಾಗ. ಮಾತ್ರೆ ಕರಗುವುದನ್ನು ಬೇಸರವಿಲ್ಲದೆ ನೋಡಬಲ್ಲವಳಿಗೆ ಯಾವ ಸಿನಿಮಾ ತಾನೇ ನಿಧಾನ ಎನಿಸೀತು? ಟೈಟಲ್‌ನಿಂದ ಹಿಡಿದು ಕೊನೆಗೆ ಲೈಟ್‌ಬಾಯ್‌ಗಳ ಹೆಸರು ಉರುಳುವವರೆಗೂ ಆಕೆ ಕದಲುವುದಿಲ್ಲ. ಹಳೆಯದು ಹೊಸದು ಎಂಬ ಭೇದವೂ ಇಲ್ಲ.

ಇದು ಗದಗಿನಲ್ಲಿ ಹತ್ತಿದ ಗೀಳು. ಮನೆಯಲ್ಲಿ ಐವರು ಹೆಣ್ಣುಮಕ್ಕಳು, ಒಂದು ಸಿನಿಮಾಕ್ಕೆ ಅವರಲ್ಲಿ ಒಬ್ಬಳು ಮಾತ್ರ ಹೋಗಬೇಕೆಂಬುದು ಅಪ್ಪನ ಕಟ್ಟಪ್ಪಣೆ. ಅಕ್ಕಂದಿರು ಸೇರಿ ಪ್ರತಿ ಸಲವೂ ಶೈಲಾಳನ್ನೇ ಕಳಿಸುತ್ತಿದ್ದರು. ಏಕೆಂದರೆ ಅವಳು ಬಂದು ಕಟ್ಟೆಯ ಮೇಲೆ ಕೂತು ಹಾಡು, ಹೊಡೆದಾಟ, ಅಳು ಎಲ್ಲ ಸೇರಿಸಿ ಹೇಳಿದರೆ ಓಣಿಯ ಹೆಂಗಸರು ಒಲೆಯ ಮೇಲಿನ ಸಾರು ಮರೆಯುತ್ತಿದ್ದರು. ಕೇಳುವವರ ಮುಖ ನೋಡಿ ಕತೆ ತಿದ್ದುವ ಚಾಳಿಯೂ ಆಗಲೇ ಅಂಟಿತ್ತು. ಗಂಡನನ್ನು ಕಳೆದುಕೊಂಡ ಪಕ್ಕದ ಮನೆಯ ನೀಲಮ್ಮ ಕೇಳಲು ಕೂತಿದ್ದರೆ ಸತ್ತ ನಾಯಕ ಕೊನೆಗೆ ಬದುಕಿಬಿಡುತ್ತಿದ್ದ. ಆ ನೀಲಮ್ಮ ಮುಂದೊಮ್ಮೆ ತಾನೇ ಹೋಗಿ ಅದೇ ಸಿನಿಮಾ ನೋಡಿ, ಕೊನೆಯ ರೀಲು ತಪ್ಪು ಹಾಕಿದ್ದಾರೆಂದು ಟಾಕೀಸಿನವರ ಮೇಲೆ ಜಗಳಕ್ಕೆ ಹೋಗಿದ್ದಳಂತೆ.

ಈಗ ಬೇಸ್‌ಮೆಂಟಿನ ಸಂಗತಿ. ಕೆಂಡಲ್ ಪಾರ್ಕಿನ ವೀರೇಂದ್ರ, ರಾಜಿ ದಂಪತಿಯ ಮನೆಯ ಬೇಸ್‌ಮೆಂಟಿನಲ್ಲಿ ಪ್ರತಿ ತಿಂಗಳ ಕೊನೆಯ ಶನಿವಾರ ಮಧ್ಯಾಹ್ನ ಸಿನಿಮಾ ಹರಟೆ ನಡೆಯುತ್ತದೆ. ಒಂದು ಹಳೆಯ ಚಿತ್ರ, ಒಂದು ಹೊಸದು ಎಂದು ಮೊದಲೇ ಗೊತ್ತುಮಾಡಿರುತ್ತಾರೆ. ಎಲ್ಲರೂ ಅವನ್ನು ಅವರವರ ಮನೆಯಲ್ಲೇ ನೋಡಿಕೊಂಡು ಬಂದು ಇಲ್ಲಿ ಅಭಿಪ್ರಾಯ ಹೇಳಬೇಕು. ಜೊತೆಗೆ ಮನೆಗೊಂದು ಅಡುಗೆ ತರುವ ಪಾಟ್‌ಲಕ್. ಪಾಟ್‌ಲಕ್ ಎಂದ ಮೇಲೆ ತಂದದ್ದನ್ನು ಬಿಸಿ ಮಾಡಬೇಕಲ್ಲ? ಅದು ಹೆಂಗಸರ ಕೆಲಸ ಎಂದು ಯಾರೂ ಬಾಯಿಬಿಟ್ಟು ಹೇಳಿಲ್ಲ, ಅಂಥ ಹಿಂದುಳಿದವರು ನಮ್ಮಲ್ಲಿ ಯಾರಿದ್ದಾರೆ! ಆದರೂ ಚರ್ಚೆ ಶುರುವಾಗುವ ಹೊತ್ತಿಗೆ ಗಂಡಸರೆಲ್ಲ ಕೆಳಗೆ ರಿಕ್ಲೈನರ್‌ಗಳಲ್ಲಿ ಕಾಲು ಚಾಚಿರುತ್ತಾರೆ, ಹೆಂಗಸರೆಲ್ಲ ಮೇಲೆ ಅಡುಗೆಮನೆಯಲ್ಲಿ ಅಲ್ಯೂಮಿನಿಯಂ ಟ್ರೇಗಳ ಮುಚ್ಚಳ ತೆಗೆಯುತ್ತಿರುತ್ತಾರೆ. ಮೇಲಿರುವವರಲ್ಲಿ ಇಬ್ಬರು ಡಾಕ್ಟರು, ಒಬ್ಬರು ಬ್ಯಾಂಕಿನ ವೈಸ್ ಪ್ರೆಸಿಡೆಂಟು.

ಮನೆಯಿಂದ ಅಲ್ಲಿಗೆ ಹೋಗುವ ದಾರಿಯೇ ಪಂಚಾಕ್ಷರಿಯವರ ಟಾಕೀಸು. ಶೈಲಮ್ಮ ಡ್ರೈವ್ ಮಾಡುತ್ತಾ ಕತೆ ಹೇಳುತ್ತಾಳೆ. ರೂಟ್ ಎಯ್ಟೀನ್ ಹೆದ್ದಾರಿಯಲ್ಲಿ ನಾಯಕಿಯ ಪರಿಚಯ, ರೂಟ್ ಒನ್‌ಗೆ ತಿರುಗುವಾಗ ಇಂಟರ್ವಲ್, ಕೆಂಡಲ್ ಪಾರ್ಕಿನ ಸಿಗ್ನಲ್‌ನಲ್ಲಿ ಕ್ಲೈಮ್ಯಾಕ್ಸ್. ಟ್ರಾಫಿಕ್ ಹೆಚ್ಚಿದ್ದರೆ ಹಾಡುಗಳೂ ಸಿಗುತ್ತವೆ. ನಡುನಡುವೆ ಆಕೆಯ ಟೀಕೆ: "ಹಳೇ ಸಿನಿಮಾದಾಗ ಎಂಥಾ ಬಡವರಿದ್ರೂ ಸೀರಿ ಇಸ್ತ್ರಿ ಇರ್ತಾವ್ರೀ. ಹೊಸಾವುದ್ರಾಗ ಎಂಥಾ ಶ್ರೀಮಂತಿದ್ರೂ ತಲಿ ಬಾಚಿರಂಗಿಲ್ಲ." ಇಲ್ಲವೇ, "ಈಗಿನವರು ಲೈಟ್ ಯಾಕ ಹಚ್ಚಂಗಿಲ್ಲೋ? ಎಲ್ಲಾರೂ ಕತ್ತಲಾಗ ನಿಂತು ಮಾತಾಡ್ತಾರ, ಕರೆಂಟ್ ಬಿಲ್ ಕಟ್ಟದವರಂಗ." ಪಂಚಾಕ್ಷರಿಯವರು ಹೂಂ ಹೂಂ ಎನ್ನುತ್ತಾ ಕೇಳುತ್ತಾರೆ. ಅರ್ಧ ಗಂಟೆಯ ನಂತರ ಅವೇ ಮಾತುಗಳು ಅವರ ದಪ್ಪ ದನಿಯಲ್ಲಿ ಬೇಸ್‌ಮೆಂಟಿನ ಮೆಟ್ಟಿಲು ಹತ್ತಿ ಅಡುಗೆಮನೆಗೆ ಬರುತ್ತವೆ, ಹಿಂದೆಯೇ ಚಪ್ಪಾಳೆಯೂ ಬರುತ್ತದೆ. ಮೊದಮೊದಲು ಶೈಲಮ್ಮನಿಗೆ ಇದು ಖುಷಿಯೇ ಆಗಿತ್ತು. ನನ್ನ ಗಂಡನಿಗೆ ತಾನೇ ಚಪ್ಪಾಳೆ ಎಂದುಕೊಂಡಿದ್ದಳು.

ಆ ಖುಷಿಗೆ ಕಲ್ಲು ಬಿದ್ದದ್ದು ಹೋದ ತಿಂಗಳು. ಅಂದಿನ ಹಳೆಯ ಚಿತ್ರದಲ್ಲಿ ಸೊಸೆಗೆ ಕಾಟ ಕೊಡುವ ಅತ್ತೆಯೊಬ್ಬಳಿದ್ದಳು. ಶೈಲಮ್ಮ ಮಂಡಕ್ಕಿ ಗಿರಮಿಟ್ಟಿನ ತಟ್ಟೆ ಹಿಡಿದು ಕೆಳಗಿಳಿದಾಗ ಎಲ್ಲರೂ ಆ ಅತ್ತೆಯನ್ನು ಬೈಯುತ್ತಿದ್ದರು. ಆಕೆಗೆ ತಡೆಯಲಾಗಲಿಲ್ಲ.

"ಆಕಿ ಕೆಟ್ಟಾಕಿ ಅಲ್ರೀ, ಆಕಿಗೆ ಮಂಡಿ ನೋವು. ಪ್ರತಿ ಸೀನಿನಾಗ ಕೂಡೂ ಮುಂದ ಆಸರಕ್ಕ ಗ್ವಾಡಿ ಹಿಡೀತಾಳ, ನೋಡ್ರಿ ಬೇಕಾದ್ರ. ಯಾರೂ ಕೂಡಾಕ ಒಂದು ಮಣಿ ಕೊಡಂಗಿಲ್ಲ ಆಕಿಗೆ. ಅದಕ್ಕ ಅಷ್ಟು ಸಿಟ್ಟು."

ಎಲ್ಲರೂ ಆಕೆಯ ಕಡೆ ತಿರುಗಿದರು. ಆಗ ಪಂಚಾಕ್ಷರಿಯವರು ನಕ್ಕು, "ಇಕಿ ಸಿನಿಮಾ ನೋಡೂದಂದ್ರ ಸೀರಿ ನೋಡೂದ್ರಿ. ಯಾವ ಸೀನಿನಾಗ ಯಾವ ಬಾರ್ಡರ್ ಅಂತ ಕೇಳ್ರಿ, ಕರೆಕ್ಟ್ ಹೇಳ್ತಾಳ" ಎಂದರು. ಬೇಸ್‌ಮೆಂಟ್ ಗೊಳ್ಳೆಂದಿತು. ಶೈಲಮ್ಮ ತಟ್ಟೆ ಇಟ್ಟು ಮೇಲೆ ಬಂದಳು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಅದೇ ದಪ್ಪ ದನಿ ಕೇಳಿಸಿತು. "ಒಂದು ಸೂಕ್ಷ್ಮ ಗಮನಿಸ್ರಿ. ಆ ಅತ್ತಿ ಪ್ರತಿ ಸೀನಿನಾಗ ಗ್ವಾಡಿ ಹಿಡೀತಾಳ, ಯಾಕಂದ್ರ ಮಂಡಿ ನೋವು..." "ಭೇಷ್!" ಎಂದು ಕೂಗಿದವರು ಹೃದಯದ ಡಾಕ್ಟರು ನಂಜುಂಡಸ್ವಾಮಿ.

ಶೈಲಮ್ಮನಿಗೆ ಮೈಯೆಲ್ಲ ಉರಿಯಿತು, ಅಳುವೂ ಬಂತು. ಮಾತು ಕದ್ದದ್ದಕ್ಕಲ್ಲ, ಅದು ಎಂದಿನದೇ. ಎಲ್ಲರ ಮುಂದೆ ತನ್ನನ್ನು ಸೀರೆಗೆ ಕಟ್ಟಿಹಾಕಿ, ಆಮೇಲೆ ಕದ್ದರಲ್ಲ, ಅದಕ್ಕೆ. ತನ್ನ ಮಾತು ತನ್ನ ಬಾಯಿಂದಲೇ ಆ ಬೇಸ್‌ಮೆಂಟಿನಲ್ಲಿ ಕೇಳಿಸಬೇಕು, ಅಷ್ಟೇ ಆಕೆಗೆ ಬೇಕಾದದ್ದು. ಆದರೆ ಸೀರೆಯ ನಗು ಎದ್ದ ಜಾಗಕ್ಕೆ ಮತ್ತೆ ಹೋಗಿ ಬಾಯಿ ಬಿಡುವುದು ಹೇಗೆ? ಮೊದಲು ಗಂಡನಿಗೆ ಒಂದು ಪಾಠ ಕಲಿಸಬೇಕು ಎಂದು ಹಲ್ಲು ಕಚ್ಚಿಕೊಂಡು ತಿಂಗಳಿಡೀ ಕಾದಳು.

ಈ ತಿಂಗಳ ಹೊಸ ಚಿತ್ರ ಕೊಲೆಗಳದ್ದು. ಗುಡ್ಡದ ಮೇಲಿನ ಸಣ್ಣ ಊರು, ಸಾಲುಸಾಲು ಹೆಣಗಳು, ಗಡ್ಡ ಬಿಟ್ಟ ಇನ್‌ಸ್ಪೆಕ್ಟರ್. ಕೊಲೆಗಾರ ಊರಿನ ಡಾಕ್ಟರ್ ಎಂದು ಕೊನೆಗೆ ಗೊತ್ತಾಗುತ್ತದೆ. ಶನಿವಾರ ಕಾರು ರೂಟ್ ಒನ್‌ಗೆ ತಿರುಗುವವರೆಗೂ ಶೈಲಮ್ಮ ಕತೆಯನ್ನು ಇದ್ದದ್ದು ಇದ್ದ ಹಾಗೆಯೇ ಹೇಳಿದಳು. ಅಲ್ಲಿಂದ ಮುಂದೆ ಗದಗಿನ ಕಟ್ಟೆಯ ಮೇಲಿನ ಹುಡುಗಿ ಎದ್ದು ಕೂತಳು.

"ಕೊಲಿ ಮಾಡಿದಾಕಿ ಯಾರಂತೀರಿ? ಇನ್‌ಸ್ಪೆಕ್ಟರನ ತಾಯಿ!"

"ಆಂ!" ಪಂಚಾಕ್ಷರಿಯವರು ಸೀಟಿನಲ್ಲಿ ನೆಟ್ಟಗಾದರು.

"ಹೂಂ ಮತ್ತ. ಉಪ್ಪಿನಕಾಯಾಗ ವಿಷ. ಕಡೀಕ ಮಗ ಬೇಡಿ ಹಿಡಕೊಂಡು ಬಂದು ಯಾಕವ್ವಾ ಅಂತಾನ. ಆಗ ಆಕಿ ಅಂತಾಳ, 'ಊರ ಮಂದಿನ್ನೆಲ್ಲಾ ವಿಚಾರಿಸಿದಿ. ಮನಿಯಾಗ ಕುಂತಾಕಿನ್ನ ಒಂದು ಮಾತು ಕೇಳಿದ್ಯೇನೋ? ಕೇಳಿದ್ರ ಮೊದಲನೇ ದಿನಾನ ಹೇಳ್ತಿದ್ದೆ.'"

ಅದನ್ನು ಹೇಳುವಾಗ ಶೈಲಮ್ಮನ ದನಿ ತುಸು ನಡುಗಿತು. ಆಕೆ ಅದನ್ನು ಬೇಕೆಂದು ಮಾಡಿರಲಿಲ್ಲ. ಪಂಚಾಕ್ಷರಿಯವರು ಮಾತ್ರ "ಏನ್ ಡೈಲಾಗ್! ಏನ್ ಡೈಲಾಗ್!" ಎಂದು ಅದನ್ನು ಬಾಯಿಪಾಠ ಮಾಡಿಕೊಳ್ಳತೊಡಗಿದರು. ಹಳೆಯ ಚಿತ್ರದ ಕತೆ ಕೇಳಲು ಅವರಿಗೆ ಪುರುಸೊತ್ತಾಗಲಿಲ್ಲ.

ಬೇಸ್‌ಮೆಂಟಿನಲ್ಲಿ ಅವರು ಗಂಟಲು ಸರಿಮಾಡಿಕೊಂಡು ಶುರುಮಾಡಿದಾಗ ಶೈಲಮ್ಮ ಮೇಲೆ ಮೆಟ್ಟಿಲ ಬಳಿಯೇ ನಿಂತಿದ್ದಳು. ಕೈಯಲ್ಲಿ ಬದನೆಕಾಯಿ ಎಣ್ಣೆಗಾಯಿಯ ಟ್ರೇ. ಈಗ ನಗುತ್ತಾರೆ, ಈಗ ಕೂಗುತ್ತಾರೆ ಎಂದು ಕಿವಿಗೊಟ್ಟಳು.

"ತಾಯಿ ಕೊಲೆಗಾತಿ ಅನ್ನೂದು ಕನ್ನಡಕ್ಕ ಹೊಸಾದು" ಎಂದರು ಪಂಚಾಕ್ಷರಿಯವರು. ಡೈಲಾಗನ್ನೂ ಹೇಳಿದರು, ಅಭಿನಯ ಸಮೇತ.

ಆಮೇಲೆ ನಂಜುಂಡಸ್ವಾಮಿಯವರ ದನಿ. "ನಾನೂ ಅದನ್ನೇ ಹೇಳೋಣ ಅಂತಿದ್ದೆ ಸಾರ್! ಆ ತಾಯಿ ಪಾತ್ರ ಮಾಡಿರೋರು, ಕ್ಲೈಮ್ಯಾಕ್ಸಲ್ಲಿ ಎಂಥಾ ಆಕ್ಟಿಂಗು! ನನಗೆ ಕಣ್ಣಲ್ಲಿ ನೀರು ಬಂದ್ಬಿಡ್ತು."

"ಉಪ್ಪಿನಕಾಯಿ ಸೀನಲ್ಲೇ ನಂಗೆ ಡೌಟ್ ಬಂದಿತ್ತು" ಎಂದರು ವೀರೇಂದ್ರ.

ಶೈಲಮ್ಮನ ಕೈಯಲ್ಲಿದ್ದ ಟ್ರೇ ಜಾರುವುದರಲ್ಲಿತ್ತು. ಪಕ್ಕದಲ್ಲಿ ರಾಜಿ ಬಾಯಿ ತೆರೆದು ನಿಂತಿದ್ದಳು. "ಶೈಲಾ, ಕೊಲೆ ಮಾಡಿದ್ದು ಡಾಕ್ಟರ್ ಅಲ್ವೇನೇ? ಯಾವ ಉಪ್ಪಿನಕಾಯಿ? ನಮ್ಮನೆಯವರು ಪಿಕ್ಚರ್ ಪೂರ್ತಿ ನೋಡಿದೆ ಅಂದ್ರಲ್ಲಾ!"

ಇಬ್ಬರೂ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ಆದರೆ ನಗು ಇಳಿದ ಮೇಲೆ ಶೈಲಮ್ಮನಿಗೆ ತನ್ನ ಲೆಕ್ಕ ತಪ್ಪಿದ್ದು ಹೊಳೆಯಿತು. ಗಂಡನ ಕಣ್ಣಿಗೆ ಮಣ್ಣೆರಚಲು ಹೋದರೆ ಕೆಳಗೆ ಎಲ್ಲರೂ ಕಣ್ಣು ಮುಚ್ಚಿಕೊಂಡೇ ಕೂತಿದ್ದಾರೆ! ಇವತ್ತು ಪಂಚಾಕ್ಷರಿಯವರು ಇನ್ನಷ್ಟು ಎದೆಯುಬ್ಬಿಸಿಕೊಂಡು ಮನೆಗೆ ಹೋಗುತ್ತಾರೆ. ತನ್ನ ಸುಳ್ಳಿಗೂ ಅವರಿಗೇ ಚಪ್ಪಾಳೆ. ಆಕೆ ಟ್ರೇಯನ್ನು ಸ್ಟವ್ ಮೇಲಿಟ್ಟು, ಬರಿಗೈಯಲ್ಲಿ ಮೆಟ್ಟಿಲಿಳಿದಳು.

ಗಂಡಸರೆಲ್ಲ ಮೊದಲು ನೋಡಿದ್ದು ಆಕೆಯ ಕೈಯನ್ನು. "ಏನು ತಂದ್ರಿ ಶೈಲಮ್ಮ?" ಎಂದು ವೀರೇಂದ್ರ ಕೇಳಿದರು.

"ತಿಂಡಿ ತಂದಿಲ್ರೀ. ಒಂದು ಮಾತು ಹೇಳೂದೈತಿ." ಆಕೆ ನಿಂತಲ್ಲೇ ಮುಂದುವರಿಸಿದಳು. "ಆ ಸಿನಿಮಾದಾಗ ಇನ್‌ಸ್ಪೆಕ್ಟರಗ ತಾಯೀನ ಇಲ್ಲ. ಮೊದಲನೇ ಸೀನಿನಾಗ ಆಕಿ ಫೋಟೋಕ್ಕ ಹಾರ ಹಾಕ್ಯಾರ. ಆ ತಾಯಿ ಕತಿ ಕಾರಿನಾಗ ಇವರಿಗೆ ನಾನ ಕಟ್ಟಿ ಹೇಳಿದ್ದು."

ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ಹಿಡಿದು ಕೂತಿದ್ದ ವೀರೇಂದ್ರರ ಮಗಳು ಸಿರಿ ಮೊದಲು ಬಾಯಿಬಿಟ್ಟಳು. "ಓ ಮೈ ಗಾಡ್, ಆಂಟಿ ಮೇಡ್ ಇಟ್ ಅಪ್!"

"ನಾನು ಹೇಳಿದ್ದು..." ನಂಜುಂಡಸ್ವಾಮಿಯವರು ಕನ್ನಡಕ ತೆಗೆದು ಒರೆಸಿಕೊಂಡರು. "ಆ ಫೋಟೋದಲ್ಲಿರೋ ಎಕ್ಸ್‌ಪ್ರೆಷನ್ ಬಗ್ಗೆ."

ಪಂಚಾಕ್ಷರಿಯವರು ನೆಟ್ಟಗೆ ಕೂರಲು ರಿಕ್ಲೈನರಿನ ಗುಂಡಿ ಒತ್ತಿದರು. ಅದರ ಮೋಟರು ಗುರ್‌ರ್ ಎನ್ನುತ್ತಾ ಅವರನ್ನು ಸಾವಕಾಶವಾಗಿ ಮೇಲೆತ್ತಿತು. ಅಷ್ಟು ಹೊತ್ತೂ ಎಲ್ಲರೂ ಅವರನ್ನೇ ನೋಡುತ್ತಿದ್ದರು.

"ಸಾರ್, ನೀವು ಪಿಕ್ಚರ್ ನೋಡಿದ್ರಾ?" ಎಂದು ವೀರೇಂದ್ರ ಮೆಲ್ಲಗೆ ಕೇಳಿದರು.

ಪಂಚಾಕ್ಷರಿಯವರು ಹೆಂಡತಿಯ ಮುಖ ನೋಡಿದರು. ಅಲ್ಲಿ ಯಾವ ಸಹಾಯವೂ ಸಿಗಲಿಲ್ಲ. "ಟೈಟಲ್ ನೋಡಿದ್ದೆ" ಎಂದರು.

ಮುಂದಿನ ನಗು ಹೇಗಿತ್ತೆಂದರೆ ಅಡುಗೆಮನೆಯಲ್ಲಿದ್ದವರೆಲ್ಲ ಕೆಳಗೆ ಓಡಿ ಬಂದರು. ಒಬ್ಬೊಬ್ಬರ ಬಂಡವಾಳವೂ ಬಯಲಾಯಿತು. ವೀರೇಂದ್ರ ಟ್ರೇಲರ್ ನೋಡಿ ಬರುವವರು, ನಂಜುಂಡಸ್ವಾಮಿಯವರು ಪಂಚಾಕ್ಷರಿಯವರನ್ನು ನೋಡಿ ಮಾತಾಡುವವರು. ಹಾಗಾದರೆ ನಿಜವಾದ ಕತೆ ಏನು ಎಂದು ಯಾರೋ ಕೇಳಿದರು. ಶೈಲಮ್ಮ ಕೂತಳು, ರಾಜಿ ಎಳೆದು ಹಾಕಿದ ಕುರ್ಚಿಯ ಮೇಲೆ, ಎಲ್ಲರ ನಡುವೆ. ಡಾಕ್ಟರ್ ಕೊಲೆಗಾರನೆಂಬುದು ತನಗೆ ಇಂಟರ್ವಲ್‌ಗೆ ಮೊದಲೇ ಹೇಗೆ ಗೊತ್ತಾಯಿತು, ಗಡ್ಡದ ಇನ್‌ಸ್ಪೆಕ್ಟರ್ ನಿಧಾನವಾಗಿ ನಡೆಯುವುದನ್ನೆಲ್ಲ ಕತ್ತರಿಸಿದರೆ ಸಿನಿಮಾ ಎಷ್ಟು ಚಿಕ್ಕದಾಗುತ್ತಿತ್ತು, ಎಲ್ಲ ಹೇಳಿದಳು. ಸಿರಿ ಮಾತ್ರ, ತನಗೆ ತಾಯಿ ಕೊಲೆ ಮಾಡುವ ಸಿನಿಮಾವೇ ಬೇಕು ಎಂದು ಹಟ ಹಿಡಿದಳು. ಬಿಸಿ ಮಾಡುವವರಿಲ್ಲದೆ ಆ ದಿನ ಎಲ್ಲರೂ ತಣ್ಣನೆಯ ಎಣ್ಣೆಗಾಯಿ ತಿಂದರು. ಶೈಲಮ್ಮನಿಗೆ ಅಷ್ಟು ಸಂತೋಷ ಆಗಿ ಬಹಳ ವರ್ಷವಾಗಿತ್ತು.

ಮನೆಗೆ ಹೋಗುವಾಗ ಪಂಚಾಕ್ಷರಿಯವರು ಕಾರಿನ ಕಿಟಕಿಯ ಕಡೆ ಮುಖ ತಿರುಗಿಸಿ ಕೂತರು. ಸಿಟ್ಟಾಗಿದ್ದಾರೆ ಎಂದುಕೊಂಡು ಶೈಲಮ್ಮ ರಸ್ತೆಯನ್ನೇ ನೋಡುತ್ತಾ ಡ್ರೈವ್ ಮಾಡಿದಳು. ಸಿಗ್ನಲ್ ಒಂದರಲ್ಲಿ ಕಾರು ನಿಂತಾಗ ಅವರು ಕಿಟಕಿಯಾಚೆ ನೋಡುತ್ತಲೇ ಕೇಳಿದರು.

"ಆ ಇನ್‌ಸ್ಪೆಕ್ಟರನ ತಾಯಿ ಅಂದ್ಲಲ್ಲ ಆ ಮಾತು... ಅದನ್ನ ನನಗ ಅಂದಿ, ಹೌದಿಲ್ಲೋ?"

"ಹೌದು" ಎಂದಳು ಶೈಲಮ್ಮ.

ಹಸಿರು ಬಂತು. ಕಾರು ಸ್ವಲ್ಪ ದೂರ ಹೋಯಿತು. ಪಂಚಾಕ್ಷರಿಯವರು ಒಂದು ಸಲ ಕೆಮ್ಮಿದರು. "ಈ ತಿಂಗಳದ ಹಳೇ ಪಿಕ್ಚರ್ ಬಗ್ಗೆ ಮಾತಾಡೂದು ಆಗಲೇ ಇಲ್ಲಲ. ಅದು... ನಿನಗ ಹೆಂಗನಿಸ್ತು, ಶೈಲಾ?"

ಮದುವೆಯಾದಂದಿನಿಂದ ಅವರು 'ಏನಾತು' ಎಂದು ಕೇಳಿದ್ದುಂಟು, 'ಕಡೀಕ ಯಾರು ಸತ್ರು' ಎಂದು ಕೇಳಿದ್ದುಂಟು. ಇದನ್ನು ಕೇಳಿದ್ದು ಇದೇ ಮೊದಲು. ಹೇಳಬೇಕಾದದ್ದು ನಾಲಗೆಯ ತುದಿಯಲ್ಲೇ ಇತ್ತು. ಆದರೂ ಆಕೆ ನುಂಗಿಕೊಂಡು, ನಗು ತಡೆದು, ಸ್ಟಿಯರಿಂಗ್ ತಿರುಗಿಸಿದಳು.

"ಅದು ಕಾರಿನಾಗ ಹೇಳೂದಲ್ರೀ. ಮುಂದಿನ ತಿಂಗಳ ಬೇಸ್‌ಮೆಂಟಿನಾಗ ಹೇಳ್ತೀನಿ, ಎಲ್ಲಾರ ಜೋಡಿ ಕೂತು ಕೇಳ್ರಿ. ಎಚ್ಚರಿದ್ರ."