ಕಿವಿಯೊಳಗಿನ ಮೂರು ಬಳೆಗಳು

ಹ್ಯೂವನ್ ನದಿಯ ದಂಡೆಯ ಊರುಗಳಲ್ಲಿ ಮರ್ವಿನ್ ಗ್ರಿಗ್ಸ್ ಕಟ್ಟಿದ ದೋಣಿಗಳು ಇನ್ನೂ ತೇಲುತ್ತಿವೆ. ಮರ್ವಿನ್ ಮಾತ್ರ ದಡ ಹತ್ತಿ ಕೂತಿದ್ದ. ಮಂಡಿ ಸವೆದು ದೋಣಿಕಟ್ಟೆಯ ಕೆಲಸ ಬಿಟ್ಟಿದ್ದರೂ ಕೈಗಳು ಸುಮ್ಮನಿರಲು ಒಪ್ಪಲಿಲ್ಲ. ಊಟದ ಮೇಜಿನ ಮೇಲೆ ಚಮಚ ಸಿಕ್ಕರೆ ಅದರ ಬೆನ್ನು ಸವರಿ, ಬಾಗು ಸರಿಯಾಗಿದೆಯೋ ಇಲ್ಲವೋ ಎಂದು ನೋಡುತ್ತಿದ್ದ. ಅದನ್ನು ಕಂಡು ಕಂಡು ಸಾಕಾದ ಹೆಂಡತಿ ನೋಲಾ ಒಂದು ದಿನ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಗಂಡಸರ ಶೆಡ್ಡಿನ ಬಾಗಿಲಲ್ಲಿ ಇಳಿಸಿ ಬಂದಳು.

ಆ ಶೆಡ್ಡು ಹಿಂದೆ ಸೇಬು ತುಂಬಿಡುತ್ತಿದ್ದ ಉಗ್ರಾಣ. ಈಗ ಕೆಲಸದಿಂದ ನಿವೃತ್ತರಾದ ಗಂಡಸರು ವಾರಕ್ಕೆ ಎರಡು ದಿನ ಅಲ್ಲಿ ಸೇರಿ, ಆಸ್ಪತ್ರೆಯ ಮಕ್ಕಳಿಗೆಂದು ಮರದ ಆಟಿಕೆ ಮಾಡುತ್ತಾರೆ. ಯಾರೂ ಯಾರನ್ನೂ ‘ಹೇಗಿದ್ದೀಯ’ ಎಂದು ಮುಖ ನೋಡಿ ಕೇಳುವುದಿಲ್ಲ. ಒಂದೇ ಹಲಗೆಗೆ ಆಚೆ ಒಬ್ಬ, ಈಚೆ ಒಬ್ಬ ಉಜ್ಜುಕಾಗದ ಹಿಡಿದು ನಿಂತಾಗ ಹೇಳಬೇಕಾದದ್ದು ತಾನಾಗಿ ಬಾಯಿಗೆ ಬರುತ್ತದೆ.

ಮರ್ವಿನ್ ಹೋದ ಮೊದಲ ವಾರ ರಾಸ್ ಎಂಬವನು ಒಂದು ಆಟದ ತಟ್ಟೆ ಮಾಡುತ್ತಿದ್ದ. ರಾಸ್ ಸೇಬು ಬೆಳೆದು ಬಾಳಿದ ಮನುಷ್ಯ. ನಾಲಿಗೆ ಹರಿತ, ಮನಸ್ಸು ಮೆತ್ತಗೆ. ತಟ್ಟೆಯ ತುಂಬ ಓಣಿಗಳು, ಅಲ್ಲಲ್ಲಿ ತೂತುಗಳು. ಉಕ್ಕಿನ ಗುಂಡೊಂದನ್ನು ತೂತಿಗೆ ಬೀಳಿಸದೆ, ತಟ್ಟೆಯನ್ನು ಓರೆಮಾಡುತ್ತ ಕೊನೆಯವರೆಗೆ ಸಾಗಿಸಬೇಕು. ಮರ್ವಿನ್ ಒಂದು ಸಲ ಆಡಿ ಕೆಳಗಿಟ್ಟ.

“ಇದ್ರಲ್ಲಿ ಗುಂಡು ಬೀಳೋದು ಕೆಳಕ್ಕೆ ಮಾತ್ರ,” ಅಂದ.

“ಇನ್ನೆಲ್ಲಿಗೆ ಬೀಳ್ಬೇಕು ಮಾರಾಯ? ಮೇಲಕ್ಕಾ?”

“ಮೇಲಕ್ಕೂ ಬೀಳ್ಲಿ. ಪಕ್ಕಕ್ಕೂ ಬೀಳ್ಲಿ.”

“ಚಹಾ ಇನ್ನೂ ಕುಡಿದಿಲ್ಲ ಇವ್ನು. ಯಾರಾದ್ರೂ ಒಂದು ಕಪ್ ಕೊಡ್ರೋ,” ಅಂದ ರಾಸ್.

ಮರ್ವಿನ್ ಹೇಳಿದ್ದು ತಮಾಷೆಯಾಗಿರಲಿಲ್ಲ. ಮನೆಗೆ ಬಂದವನೇ ಪಾರದರ್ಶಕ ಪ್ಲಾಸ್ಟಿಕ್ಕಿನ ಎರಡು ಅರೆಗೋಲಗಳನ್ನು ತರಿಸಿದ. ಅವೆರಡನ್ನು ಜೋಡಿಸಿದರೆ ಎರಡು ಕೈಯಲ್ಲಿ ಹಿಡಿಯುವಷ್ಟು ದೊಡ್ಡ ಗೋಲವಾಗುತ್ತಿತ್ತು. ಅದರೊಳಗೆ ಹ್ಯೂವನ್ ಪೈನ್ ಮರದ ಕಿರಿದಾದ ದಾರಿಯೊಂದನ್ನು ಸುತ್ತಿಸಿ, ಆ ದಾರಿಯ ಮೇಲೆ ಗುಂಡನ್ನು ಮೊದಲಿನಿಂದ ಕೊನೆಗೆ ನಡೆಸುವ ಚಕ್ರವ್ಯೂಹ ಅವನ ಮನಸ್ಸಿನಲ್ಲಿತ್ತು. ಗೋಲವನ್ನು ಹೇಗೆ ಬೇಕಾದರೂ ತಿರುಗಿಸಬಹುದು. ಗುಂಡನ್ನು ಮಾತ್ರ ಮುಟ್ಟುವಂತಿಲ್ಲ.

ಮೊದಲು ರಟ್ಟಿನ ಪಟ್ಟಿಗಳಲ್ಲಿ ಮಾಡಿ ನೋಡಿದ. ಅಡುಗೆಮನೆಯಲ್ಲಿ ಕೂತು ಪಟ್ಟಿಯ ತುಂಡಿನ ಮೇಲೆ ಗುಂಡಿಟ್ಟು ಕೈಯಲ್ಲಿ ಹೊರಳಿಸುತ್ತಿದ್ದಾಗ ಒಂದು ಸಂಗತಿ ಅವನಿಗೆ ಹೊಳೆಯಿತು. ಈಗ ಗೋಡೆಯಾಗಿದ್ದದ್ದು ಕೈ ತಿರುಗಿದೊಡನೆ ನೆಲ. ಇನ್ನೊಮ್ಮೆ ತಿರುಗಿದರೆ ಅದೇ ಛಾವಣಿ. ಕೆಳಗು ಎನ್ನುವುದು ಆ ವಸ್ತುವಿನಲ್ಲಿ ಇರಲೇ ಇಲ್ಲ. ಹಿಡಿದವನು ಎತ್ತ ತೋರಿಸಿದರೆ ಅತ್ತ ಅದು ಹುಟ್ಟುತ್ತಿತ್ತು. ಇಡೀ ಬದುಕು ನೀರಿನ ಮಟ್ಟವನ್ನು ನಂಬಿ ಕೆಲಸ ಮಾಡಿದವನಿಗೆ ಮೈ ಜುಮ್ಮೆಂದಿತು. ಒಲೆಯ ಮೇಲಿನ ಸಾರು ಸೀಯುತ್ತಿದ್ದದ್ದು ನೋಲಾ ಒಳಗೆ ಬಂದ ಮೇಲೇ ಅವನ ಮೂಗಿಗೆ ಗೊತ್ತಾದದ್ದು.

ಹ್ಯೂವನ್ ಪೈನ್ ಆತುರವಿಲ್ಲದ ಮರ. ಮನುಷ್ಯರ ಎರಡು ತಲೆಮಾರು ಕಳೆದರೂ ಒಂದು ತೋಳಿನಷ್ಟು ದಪ್ಪವಾಗಿರುವುದಿಲ್ಲ. ಈಗ ಅದನ್ನು ಕಡಿಯುವಂತಿಲ್ಲ. ದೋಣಿಕಟ್ಟೆಯಲ್ಲಿ ಉಳಿದ ಚೂರುಗಳನ್ನು ಮರ್ವಿನ್ ಹಳೆಯ ಸಕ್ಕರೆ ಡಬ್ಬಿಗಳಲ್ಲಿ ಕೂಡಿಟ್ಟಿದ್ದ. ತೆಳುವಾಗಿ ಸೀಳಿ, ಹಬೆಯಲ್ಲಿ ಹದಮಾಡಿ ಬಾಗಿಸಿದಾಗ ಮನೆಯೆಲ್ಲ ಅದರ ಎಣ್ಣೆಯ ವಾಸನೆ. ಆ ದಾರಿಯ ಮೇಲೆ ಉಕ್ಕಿನ ಗುಂಡು ಉರುಳಿದರೆ ಯಾರೋ ಮೆಲ್ಲಗೆ ಗಂಟಲು ಸರಿಮಾಡಿಕೊಂಡಂಥ ಸದ್ದು.

ಮೊದಲ ಅರ್ಧ ಮುಗಿದಾಗ ಶೆಡ್ಡಿನವರೆಲ್ಲ ಸುತ್ತ ನಿಂತು ನೋಡಿದರು. ದಾರಿ ಏರಿತು, ಬಳಸಿತು, ತನ್ನ ಕೆಳಗೆ ತಾನೇ ನುಸುಳಿ ಹೊರಬಂತು. ಎರಡನೆಯ ಅರ್ಧವನ್ನು ಮರ್ವಿನ್ ತನಗೆ ಗೊತ್ತಿದ್ದ ರೀತಿಯಲ್ಲೇ ಮಾಡಿದ. ದೋಣಿ ಕಟ್ಟುವವರು ಮಾದರಿ ಕೆತ್ತುವಾಗ ಅರ್ಧ ದೋಣಿಯನ್ನು ಮಾತ್ರ ಕೆತ್ತುತ್ತಾರೆ. ಎಡಗಡೆ ಹೇಗೋ ಬಲಗಡೆ ಹಾಗೆಯೇ, ಕನ್ನಡಿಯಲ್ಲಿ ಕಂಡಂತೆ. ಹದಿನಾರನೇ ವಯಸ್ಸಿನಲ್ಲಿ ಚಿಕ್ಕಪ್ಪ ಬಾರ್ನಿಯ ಕೈಕೆಳಗೆ ಕಲಿತ ಮೊದಲ ಪಾಠ ಅದು. ಹಾಗಾಗಿ ಕೆಳಗಿನ ಅರೆಗೋಲದ ದಾರಿ ಮೇಲಿನದರ ಕನ್ನಡಿ ಬಿಂಬವಾಯಿತು. ಎರಡನ್ನೂ ಜೋಡಿಸಿದ. ನೋಡಲು ಕಣ್ಣು ಸಾಲದು.

ಆದರೆ ಗುಂಡು ನಡುವಿನ ಬೆಸುಗೆಯವರೆಗೆ ಬಂದು ಪ್ರತಿ ಸಲವೂ ಬಿದ್ದುಹೋಗುತ್ತಿತ್ತು.

ಚಳಿಗಾಲವೆಲ್ಲ ಹಾಗೆಯೇ ಕಳೆಯಿತು. ಅಂಚು ಎತ್ತರಿಸಿದ, ದಾರಿ ಅಗಲಿಸಿದ, ಗುಂಡು ಬದಲಿಸಿದ. ಶೆಡ್ಡಿನಲ್ಲಿ ಪ್ರತಿಯೊಬ್ಬನೂ ಪ್ರಯತ್ನಿಸಿ ಸೋತ.

“ಲೇ ಮರ್ವ್, ನಿನ್ನ ದೋಣಿ ಅರ್ಧ ಹೊಳೆವರೆಗೆ ಚೆನ್ನಾಗೇ ಬರ್ತದೆ ಕಣೋ,” ಅಂದ ರಾಸ್. “ಉಳಿದರ್ಧಕ್ಕೆ ಈಜೋದು ಕಲಿಸಿಬಿಡು ಗುಂಡಿಗೆ.”

ಎಲ್ಲರೂ ನಕ್ಕರು. ಮರ್ವಿನನೂ ನಕ್ಕ. ಮನೆಯಲ್ಲಿ ನೋಲಾಳ ಹತ್ತಿರ ಮಾತ್ರ ಬೇರೆಯೇ ಮಾತು ಹೇಳಿದ.

“ನಾನು ಕಟ್ಟಿದ ದೋಣಿಗಳಲ್ಲಿ ಒಂದಾದ್ರೂ ನನ್ನದಾ ನೋಲ್? ನಕ್ಷೆ ಎಲ್ಲಾ ಬೇರೆಯವರದ್ದು. ನಾನು ಬರೀ ಹಲಗೆ ಬಾಗಿಸಿದವನು. ಇದೊಂದು ನನ್ನ ತಲೆಯಿಂದ ಬಂದದ್ದು. ಇದೂ ದಾಟಲ್ಲ ಅಂದ್ರೆ...”

ನೋಲಾ ಹೆಣೆಯುತ್ತಿದ್ದ ಕಡ್ಡಿ ನಿಲ್ಲಿಸಿದಳು.

ವಸಂತದ ಮೊದಲ ವಾರ, ಒಂದು ಬೆಳಗ್ಗೆ ಮರ್ವಿನ್ ಹಾಸಿಗೆಯಲ್ಲಿ ಬಲಕ್ಕೆ ಹೊರಳಿದ. ಕೋಣೆಯೇ ಗಿರ್ರನೆ ತಿರುಗಿತು. ಕಿಟಕಿ ಮೇಲಕ್ಕೆ ಓಡಿತು, ಛಾವಣಿ ಪಕ್ಕಕ್ಕೆ ಬಂತು. ಬಿರುಗಾಳಿಯ ಸಮುದ್ರದಲ್ಲೂ ವಾಂತಿ ಮಾಡದವನು ಮಂಚದ ಅಂಚು ಹಿಡಿದು ಬಕೆಟ್ಟಿಗೆ ಬಾಗಿದ. ಡಾಕ್ಟರು ಎದೆ ನೋಡಿದರು, ತಲೆಯ ಚಿತ್ರ ತೆಗೆಸಿದರು. ಭಯ ಪಡುವಂಥದ್ದೇನೂ ಇಲ್ಲ, ಇದು ಕಿವಿಯದ್ದಿರಬೇಕು ಎಂದು ಊರಿನ ಫಿಸಿಯೋಥೆರಪಿಸ್ಟ್ ಟೆಸ್ಸಾಳ ಹೆಸರು ಹೇಳಿದರು. ಅವಳ ಸಮಯ ಸಿಗುವವರೆಗೆ ಮರ್ವಿನ್ ಕತ್ತು ಆಡಿಸದೆ, ತಲೆಯ ಮೇಲೆ ಕೊಡ ಹೊತ್ತವನಂತೆ ಮನೆಯಲ್ಲಿ ಓಡಾಡಿದ. ತಲೆ ತಿರುಗುವವನು ಯಂತ್ರ ಮುಟ್ಟಬಾರದೆಂದು ಶೆಡ್ಡಿನ ಕಟ್ಟಳೆ. ಗೋಲವನ್ನು ಕೈಗೆತ್ತಿಕೊಂಡರಂತೂ, ಅದು ಉರುಳುವುದನ್ನು ನೋಡುತ್ತಿದ್ದಂತೆ ಹೊಟ್ಟೆ ತೊಳಸುತ್ತಿತ್ತು. ಒಂದು ಟವೆಲ್ಲು ತಂದು ಅದರ ಮೇಲೆ ಹೊದಿಸಿಬಿಟ್ಟ. ಇನ್ನು ಮುಗಿಯಿತು ಎಂದುಕೊಂಡ.

ಟೆಸ್ಸಾ ಗಟ್ಟಿ ತೋಳಿನ ಹುಡುಗಿ. ಬಿಡುವಿನಲ್ಲಿ ಫುಟ್‌ಬಾಲ್ ಆಡುವವಳು. ಮರ್ವಿನನನ್ನು ಎತ್ತರದ ಮಂಚದ ಮೇಲೆ ಕೂರಿಸಿ, ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಮರ್ವ್, ಈಗ ನಿಮ್ಮ ತಲೆ ನಂದು. ನೀವು ಏನೂ ಮಾಡ್ಬೇಡಿ. ಕಣ್ಣು ಮಾತ್ರ ಮುಚ್ಬೇಡಿ.”

“ಕಣ್ಣು ಯಾಕಮ್ಮಾ?”

“ಒಳಗಿನ ಕಲ್ಲು ಎಲ್ಲಿಗೆ ಬಂತು ಅಂತ ಕಣ್ಣೇ ಹೇಳೋದು ನಂಗೆ.”

“ಕಲ್ಲಾ?”

ಅವಳು ಅವನ ತಲೆಯನ್ನು ಬಲಕ್ಕೆ ತಿರುಗಿಸಿ, ಬೆನ್ನ ಮೇಲೆ ಮಲಗಿಸಿ, ತಲೆ ಮಂಚದ ಅಂಚಿನಿಂದ ತುಸು ಇಳಿಬಿದ್ದಂತೆ ಹಿಡಿದಳು. ಜಗತ್ತು ಸುತ್ತಿತು. ಅವಳ ಮುಖ ಮಾತ್ರ ಅವನ ಕಣ್ಣನ್ನೇ ನೋಡುತ್ತ ಸ್ಥಿರವಾಗಿತ್ತು. ಸುತ್ತು ನಿಧಾನವಾಯಿತು, ನಿಂತಿತು. ಆಮೇಲೂ ಅವಳು ಕಾದಳು.

“ಯಾಕೆ ಕಾಯ್ತಿದೀಯ?”

“ಅದು ಕೆಳಗೆ ಬಂದು ಕೂರ್ಬೇಕಲ್ಲ. ಅವಸರ ಮಾಡಿದ್ರೆ ಬಂದ ದಾರೀಲೇ ವಾಪಸ್ ಹೋಗ್ಬಿಡತ್ತೆ.”

ತಲೆಯನ್ನು ಎಡಕ್ಕೆ ತಿರುಗಿಸಿದಳು. ಮತ್ತೆ ಕಾಯುವಿಕೆ. ಮೈಯನ್ನೂ ಎಡಮಗ್ಗುಲಿಗೆ ಹೊರಳಿಸಿ, ಮೂಗು ನೆಲದ ಕಡೆಗೆ ಬರುವಂತೆ ಮಾಡಿದಳು. ಮತ್ತೆ ಕಾಯುವಿಕೆ. ನೆಲದ ಹಾಸಿನ ಚಿತ್ತಾರವನ್ನು ಮೂಗಿನ ನೇರಕ್ಕೆ ನೋಡುತ್ತಿದ್ದ ಮರ್ವಿನನಿಗೆ ಒಮ್ಮೆಗೇ ಹೊಳೆಯಿತು. ತಾನು ಚಳಿಗಾಲವೆಲ್ಲ ಗೋಲಕ್ಕೆ ಮಾಡಿದ್ದನ್ನೇ ಈ ಹುಡುಗಿ ತನ್ನ ತಲೆಗೆ ಮಾಡುತ್ತಿದ್ದಾಳೆ. ತನ್ನ ಗೋಲ ಪಾರದರ್ಶಕ. ಅವಳು ಮೂಳೆಯೊಳಗಿನ ಕಾಣದ ದಾರಿಯಲ್ಲಿ, ಕಾಣದ ಕಲ್ಲನ್ನು ನಡೆಸುತ್ತಿದ್ದಾಳೆ.

ಎದ್ದು ಕೂತಾಗ ಗೋಡೆಗಳು ಇದ್ದಲ್ಲೇ ಇದ್ದವು.

“ಬಂತು ಮನೆಗೆ,” ಅಂದಳು ಟೆಸ್ಸಾ.

ಕಪಾಟಿನಿಂದ ಕಿವಿಯ ಒಳಭಾಗದ ಪ್ಲಾಸ್ಟಿಕ್ ಮಾದರಿಯೊಂದನ್ನು ತೆಗೆದು ಅವನ ಕೈಗಿಟ್ಟಳು. ಬಸವನಹುಳುವಿನ ಚಿಪ್ಪಿನಂಥದ್ದೊಂದು, ಅದಕ್ಕೆ ಅಂಟಿಕೊಂಡು ಮೂರು ಬಳೆಗಳು. ಒಂದು ಹೆಚ್ಚುಕಡಿಮೆ ಮಲಗಿತ್ತು. ಎರಡು ನಿಂತಿದ್ದವು, ಒಂದಕ್ಕೊಂದು ಅಡ್ಡಲಾಗಿ. ಯಾವ ಎರಡನ್ನು ನೋಡಿದರೂ ನಡುವೆ ಕೋಣೆಯ ಮೂಲೆಯಂಥ ಕೋನ.

“ನೀವು ತಲೆ ಎತ್ತ ತಿರುಗಿಸಿದ್ರೂ ಈ ಮೂರರಲ್ಲಿ ಒಂದಕ್ಕಾದ್ರೂ ಗೊತ್ತಾಗತ್ತೆ. ಒಳಗೆ ನೀರಿದೆ. ಪಕ್ಕದ ಈ ಚೀಲದಲ್ಲಿ ಸುಣ್ಣದ ಹರಳುಗಳಿರ್ತವೆ. ಕೆಲವು ಕಳಚಿ ಬಳೆಯೊಳಗೆ ಬಿದ್ದಿದ್ವು, ಅಷ್ಟೇ.”

“ನಿಜವಾದದ್ದು ಎಷ್ಟು ದೊಡ್ದು?”

“ಒಂದೊಂದು ಬಳೆ ನಿಮ್ಮ ಕಿರುಬೆರಳ ಉಗುರಿನ ಮೇಲೆ ಕೂರತ್ತೆ.”

ಮರ್ವಿನ್ ತನ್ನ ಉಗುರು ನೋಡಿಕೊಂಡ. ಅಂಟು ಮೆತ್ತಿ, ಉಳಿಯೇಟು ತಿಂದು ಬಿರುಕುಬಿಟ್ಟ ಉಗುರು. ಎಪ್ಪತ್ತು ದಾಟಿದ ತಾನು ದೋಣಿಯ ಚೌಕಟ್ಟಿನ ಮೇಲೆ ನಿಂತದ್ದು, ಅಲೆಗೆ ಮೈ ಕೊಟ್ಟದ್ದು, ಬೀಳದೆ ಇದ್ದದ್ದು ಎಲ್ಲವೂ ಈ ಮೂರು ಬಳೆಗಳ ಕೃಪೆ. ಅವು ಇವೆಯೆಂಬುದು ಈ ಬೆಳಗಿನವರೆಗೆ ತನಗೆ ತಿಳಿದಿರಲಿಲ್ಲ. ಹೊರಗೆ ಸರದಿಗೆ ಕಾಯುತ್ತಿದ್ದವರು ಕೆಮ್ಮಿದರು. ಟೆಸ್ಸಾ ಮಾದರಿಯನ್ನು ವಾಪಸು ಕೇಳಲು ಕೈ ಚಾಚಿ, ಅವನ ಮುಖ ನೋಡಿ, ಕೈ ಹಿಂದಕ್ಕೆ ತೆಗೆದುಕೊಂಡಳು.

ಮನೆಗೆ ಬರುವಾಗ ನೋಲಾ ಕಾರು ಓಡಿಸುತ್ತಿದ್ದಳು. ನದಿ ಪಕ್ಕದಲ್ಲೇ ಹರಿಯುತ್ತಿತ್ತು.

“ಏನಂದ್ಳು?”

“ನನ್ನ ತಲೇಲೊಂದು ಗೋಲ ಇದೆಯಂತೆ. ಎರಡಿದೆ, ಕಿವಿಗೊಂದರಂತೆ. ಮಾಡಿದವನಿಗೆ ಬೆಸುಗೆ ಹಾಕೋ ಪಂಚಾಯಿತಿಯೇ ಬಂದಿಲ್ಲ.”

ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ನೋಲಾ, ಮದುವೆಯಾದಂದಿನಿಂದ ಒಮ್ಮೆಯೂ ಜೊತೆಗೆ ಬಾರದ ಗಂಡನನ್ನು ಓರೆಗಣ್ಣಿನಿಂದ ನೋಡಿದಳು. “ಆ ಕಸುಬುದಾರನ ವಿಷ್ಯ ನಾನು ಹೇಳ್ತಾನೇ ಇದ್ದೆ,” ಅಂದಳಷ್ಟೇ.

ಅವಳು ಗೇರು ಬದಲಿಸುವಾಗ ಆ ಕೈಯ ಮೇಲೆ ಮರ್ವಿನ್ ತನ್ನ ಕೈ ಇಟ್ಟ.

ತಪ್ಪು ಎಲ್ಲಿದೆಯೆಂದು ಟೆಸ್ಸಾಳ ಮಂಚದ ಮೇಲೇ ಅವನಿಗೆ ಕಂಡಿತ್ತು. ದೋಣಿಯ ಎಡಕ್ಕೂ ಬಲಕ್ಕೂ ನೀರು ಒಂದೇ. ಆದ್ದರಿಂದ ಅಲ್ಲಿ ಕನ್ನಡಿ ಸುಳ್ಳಾಡುವುದಿಲ್ಲ. ಗೋಲದಲ್ಲಿ ಅವನು ಮೇಲು ಕೆಳಗಿನ ನಡುವೆ ಕನ್ನಡಿ ಹಿಡಿದಿದ್ದ. ಮೇಲಿನ ಅರ್ಧದಲ್ಲಿ ನೆಲವಾಗಿದ್ದ ದಾರಿ ಬೆಸುಗೆ ದಾಟಿದ ತಕ್ಷಣ ಛಾವಣಿಯಾಗುತ್ತಿತ್ತು. ಬೆನ್ನ ಮೇಲೆ ಮಲಗಿದವನನ್ನು ಮಗ್ಗುಲಿಗೆ ಹೊರಳಿಸದೆ ಒಮ್ಮೆಗೇ ಬೋರಲು ಹಾಕಿದಂತೆ. ಗುಂಡು ಬೀಳದೆ ಏನು ಮಾಡೀತು?

ಎರಡನೆಯ ಅರ್ಧವನ್ನು ಅವನು ಕಿತ್ತು ತೆಗೆದ. ಮಡಚುಗತ್ತಿಯ ಮೊನೆಯಿಂದ ಅಂಟು ಬಿಡಿಸಿದ. ಹೊಸ ದಾರಿಗೆ ಕನ್ನಡಿ ಹಿಡಿಯಲಿಲ್ಲ. ಬೆಸುಗೆಯ ಬಳಿ ಒಂದಕ್ಕೊಂದು ಅಡ್ಡವಾದ ಮೂರು ಬಾಗುಗಳನ್ನಿಟ್ಟ. ನೆಲದಿಂದ ಪಕ್ಕದ ಗೋಡೆಗೆ, ಗೋಡೆಯಿಂದ ಛಾವಣಿಗೆ. ಪ್ರತಿ ಬಾಗಿನ ತಳದಲ್ಲಿ ಗುಂಡು ಕೂತು ಕಾಯಲೆಂದು ಹೆಬ್ಬೆರಳಿನಿಂದ ಒತ್ತಿದಷ್ಟು ತಗ್ಗು. ಸಕ್ಕರೆ ಡಬ್ಬಿಗಳಲ್ಲಿದ್ದ ಮರವೆಲ್ಲ ಅದಕ್ಕೇ ಹೋಯಿತು.

ಶೆಡ್ಡಿಗೆ ಒಯ್ದ ದಿನ ತಾನೇ ಆಡಿ ತೋರಿಸಲಿಲ್ಲ. ಗೋಲವನ್ನು ರಾಸನ ಮುಂದಿಟ್ಟು, ತನ್ನೆರಡೂ ಕೈಯನ್ನು ಜೇಬಿಗೆ ತುರುಕಿಕೊಂಡ. ಬೇರೆಯವನು ನಿನ್ನ ಕೆಲಸವನ್ನು ಪರೀಕ್ಷಿಸುವಾಗ ನಿನ್ನ ಕೈ ಜೇಬಿನಲ್ಲಿರಬೇಕು, ಬಾಯಿ ಮುಚ್ಚಿರಬೇಕು. ಅಲ್ಲಿನ ಪದ್ಧತಿ ಅದು.

“ಈಜು ಕಲಿಸಿದ್ಯಾ?” ಅಂದ ರಾಸ್.

ಮರ್ವಿನ್ ಭುಜ ಕುಣಿಸಿದ.

ಮೇಲಿನ ಅರ್ಧವನ್ನು ರಾಸ್ ಸುಲಭವಾಗಿ ದಾಟಿಸಿದ. ಎಲ್ಲರಿಗೂ ಅದು ಬಾಯಿಪಾಠ. ಬೆಸುಗೆಯ ಬಳಿ ಬಂದಾಗ ಗರಗಸ ಹಿಡಿದವನೂ ಗರಗಸ ಇಟ್ಟು ಬಂದ. ಗುಂಡು ಮೊದಲ ತಗ್ಗಿನಲ್ಲಿ ಕೂತಿತು. ರಾಸ್ ಅವಸರದಲ್ಲಿ ಪೂರ್ತಿ ಮಗುಚಿದ. ಬಿತ್ತು. ಜೇಬಿನೊಳಗೆ ಮರ್ವಿನನ ಉಗುರು ಅಂಗೈಗೆ ನೆಟ್ಟಿತು. ರಾಸ್ ಮತ್ತೆ ಮೊದಲಿನಿಂದ ತಂದ. ತಗ್ಗಿನಲ್ಲಿ ನಿಲ್ಲಿಸಿದ. ಈ ಸಲ ಕಾದ. ಗುಂಡು ಯಾಕೆ ಕಾಯುತ್ತಿದೆಯೆಂದು ಅವನ ಕೈಗೇ ಹೊಳೆಯಿತೇನೋ, ಗೋಲವನ್ನು ಮೆಲ್ಲಗೆ ಪಕ್ಕಕ್ಕೆ ಮಲಗಿಸಿದ. ಗುಂಡು ಗೋಡೆಯ ಮೇಲೆ ಉರುಳಿ ಕೂತಿತು. ಇನ್ನೊಂದು ತಿರುವು. ಛಾವಣಿಯಾಗಿದ್ದದ್ದು ನೆಲವಾಗಿ ಗುಂಡನ್ನು ಎತ್ತಿಕೊಂಡಿತು.

“ದಾಟ್ತು ಕಣೋ,” ಅಂದ ರಾಸ್. ಯಾವ ಕುಹಕವೂ ಇಲ್ಲದ, ತಗ್ಗಿದ ದನಿ. ಆಡುವುದನ್ನು ನಿಲ್ಲಿಸಲಿಲ್ಲ.

ಮರ್ವಿನ್ ಗುಂಡನ್ನು ನೋಡುತ್ತಿರಲಿಲ್ಲ. ಮೇಜಿನ ಸುತ್ತ ನಿಂತವರನ್ನು ನೋಡುತ್ತಿದ್ದ. ರಾಸನ ಕೈ ಎಡಕ್ಕೆ ವಾಲಿದಾಗ ಅಷ್ಟೂ ಮುದಿ ತಲೆಗಳು ತಮಗರಿವಿಲ್ಲದೆ ಎಡಕ್ಕೆ ವಾಲುತ್ತಿದ್ದವು. ಬಲಕ್ಕೆ ತಿರುಗಿದರೆ ಬಲಕ್ಕೆ. ಒಂದೊಂದು ತಲೆಯಲ್ಲೂ, ಬೋಳು ನೆತ್ತಿಗಳ ಕೆಳಗೆ, ನರೆತ ಕೂದಲಿನ ಕೆಳಗೆ, ಉಗುರಿನಷ್ಟು ಚಿಕ್ಕ ಬಳೆಗಳು ಆ ಓರೆಯನ್ನು ಅಳೆಯುತ್ತ, ಆ ಗಂಡಸರನ್ನು ಬೀಳದಂತೆ ನಿಲ್ಲಿಸಿಕೊಂಡಿದ್ದವು. ಯಾರಿಗೂ ಅದು ಗೊತ್ತಿರಲಿಲ್ಲ. ಗುಂಡು ಕೊನೆಯ ತಿರುವಿನತ್ತ ಹೊರಟಿತು. ಮರ್ವಿನನ ತಲೆಯೂ ಅವರೆಲ್ಲರ ಜೊತೆ ಮೆಲ್ಲಗೆ ವಾಲಿತು.